ಪಟ್ಟಿಯಲ್ಲಿಲ್ಲದ ಆರನೆಯ ಪಿಸ್ತೂಲು

ಕಡೂರು

ಹೊರದೇಶಕ್ಕೆ ಹೋಗಿಬಂದವರನ್ನು ಜನ ಮೊದಲು ಕೇಳುವುದು ಚಳಿ ಎಷ್ಟಿತ್ತು, ಊಟಕ್ಕೇನು ಮಾಡಿದಿರಿ ಎಂದು. ಎರಡಕ್ಕೂ ಉತ್ತರ ಮುಂದೆ ಬರುತ್ತದೆ. ಅದಕ್ಕೂ ಮೊದಲು ನನ್ನ ಅಕ್ಕನ ಎಡಗೈಯ ವಿಷಯ ಹೇಳಬೇಕು. ಅದಿಲ್ಲದೆ ಈ ಪ್ರಯಾಣ ಅರ್ಥವಾಗುವುದಿಲ್ಲ.

ಅಕ್ಕ ಪೊಲೀಸ್ ಸಬ್ ಇನ್ಸ್‌ಪೆಕ್ಟರ್. ತರೀಕೆರೆಯ ಕ್ವಾರ್ಟರ್ಸ್‌ನಲ್ಲಿ ನಾಲ್ಕು ವರ್ಷದ ಮಗಳೊಂದಿಗೆ ಇದ್ದಾಳೆ. ಅವಳ ಹೆಸರು ಇಲ್ಲಿ ಬೇಡ. ಹೋದ ವರ್ಷ ಒಂದು ಸಂಜೆ ಡ್ಯೂಟಿ ಮುಗಿಸಿ, ಪಿಸ್ತೂಲನ್ನು ನಿಯಮದಂತೆ ಠಾಣೆಗೆ ಒಪ್ಪಿಸಿ, ಮಾಮೂಲಿ ಚೂಡಿದಾರದಲ್ಲಿ, ಊರಿಗೆ ಹೋಗಲೆಂದು ಅಜ್ಜಂಪುರದ ಬಸ್ಸಿಗೆ ಕಾಯುತ್ತ ನಿಂತಿದ್ದಳು. ಅವಳೇ ಹಿಂದೊಮ್ಮೆ ಹಿಡಿದು ಒಳಗೆ ಹಾಕಿಸಿದ್ದ ಒಬ್ಬ ಹಿಂದಿನಿಂದ ಬಂದು ಮಚ್ಚು ಬೀಸಿದ. ತಡೆಯಲು ಎತ್ತಿದ್ದು ಎಡಗೈ. ಅಕ್ಕಪಕ್ಕದ ಅಂಗಡಿಯವರು ಅವನನ್ನು ಹಿಡಿದರು. ಗಾಯ ಮಾಯಿತು, ಹಿಡಿತ ಮರಳಲಿಲ್ಲ. ಆ ಕೈಯಿಂದ ಅವಳು ಈಗಲೂ ಬಾಟಲಿಯ ಮುಚ್ಚಳ ತಿರುಗಿಸಲಾರಳು.

ನಾನು ಓದಿದ್ದು ವಿಧಿವಿಜ್ಞಾನ. ಬಂದೂಕು, ಗುಂಡುಗಳ ಪರೀಕ್ಷೆ ನನ್ನ ಕೆಲಸ. ಜೀವಭಯವಿರುವ ಅಧಿಕಾರಿಗಳು ಡ್ಯೂಟಿ ಮುಗಿದ ಮೇಲೂ ಜೊತೆಗಿಟ್ಟುಕೊಳ್ಳಲು ಎರಡನೆಯ, ಚಿಕ್ಕ ಪಿಸ್ತೂಲೊಂದನ್ನು ಕೊಡಬಹುದೇ, ಕೊಟ್ಟರೆ ಯಾವುದು ಎಂದು ನೋಡಿಬರಲು ಇಲಾಖೆಯವರು ಮೂವರನ್ನು ಜೆಕ್ ದೇಶಕ್ಕೆ ಕಳಿಸಿದರು. ಒಬ್ಬರು ಡಿವೈಎಸ್ಪಿ ಸಾಹೇಬರು. ಇನ್ನೊಬ್ಬರು ಶಸ್ತ್ರಾಗಾರದ ಹೆಡ್ ಕಾನ್‌ಸ್ಟೇಬಲ್ ರಂಗಪ್ಪ, ಯಗಟಿಯವರು. ಮೂರನೆಯವಳು ನಾನು.

ಕಡೂರು ಸ್ಟೇಷನ್ನಿನಲ್ಲಿ ಅಕ್ಕ ಬೀಳ್ಕೊಡಲು ಬಂದಿದ್ದಳು. ಎಡಗೈಯನ್ನು ದುಪಟ್ಟಾದೊಳಗೆ ಇಟ್ಟುಕೊಂಡಿದ್ದಳು.

"ಚಿಕ್ಕದು ನೋಡ್ಕೊಂಡ್ ಬಾರೇ. ನನ್ ವ್ಯಾನಿಟಿ ಬ್ಯಾಗಲ್ಲಿ ಹಿಡೀಬೇಕು. ಅಲ್ಲಿದೆ ಅಂತ ನಂಗೇ ಗೊತ್ತಾಗ್ಬಾರ್ದು, ಅಷ್ಟು ಚಿಕ್ಕದು."

"ನಿಂಗೋಸ್ಕರ ಹೋಗ್ತಿರೋದಲ್ಲ ಕಣೇ. ಎಲ್ರಿಗೂ."

"ಎಲ್ರಲ್ಲಿ ನಾನೂ ಒಬ್ಳು ತಾನೆ?"

ಪಿಸ್ತೂಲು ಚಿಕ್ಕದಾದಷ್ಟೂ ಅದರ ಸ್ಪ್ರಿಂಗು ಗಟ್ಟಿ. ಮೊದಲ ಗುಂಡನ್ನು ನಳಿಗೆಯ ಬುಡದ ಚೇಂಬರಿಗೆ ತರಲು ಒಂದು ಕೈ ಹಿಡಿಯನ್ನು ಹಿಡಿದಿರಬೇಕು, ಇನ್ನೊಂದು ಕೈ ಮೇಲಿನ ಸ್ಲೈಡನ್ನು ಹಿಂದಕ್ಕೆ ಎಳೆಯಬೇಕು. ಎಳೆಯಲಾರದವರಿಗೆ ಉಳಿಯುವ ದಾರಿ ಒಂದೇ: ಗುಂಡನ್ನು ಹಗಲೂ ರಾತ್ರಿ ಚೇಂಬರಿನಲ್ಲೇ ಬಿಟ್ಟಿರುವುದು. ನಾಲ್ಕು ವರ್ಷದ ಮಗು ಕುರ್ಚಿ ಎಳೆದುಕೊಂಡು ಎಲ್ಲ ಬ್ಯಾಗುಗಳನ್ನೂ ತೆರೆದು ನೋಡುವ ಮನೆಯಲ್ಲಿ. ಇದನ್ನು ಪ್ಲಾಟ್‌ಫಾರ್ಮಿನಲ್ಲಿ ಹೇಳಲಾಗಲಿಲ್ಲ. ರೈಲು ಹೊರಟಿತು.

ಬ್ರ್ನೋ

ಆ ಊರಿಗೆ ನಾವು ಇಳಿದದ್ದು ಮಂಜಿನೊಳಗೆ. ಚಳಿ ಎಷ್ಟೆಂದರೆ, ಮೂರು ದಿನವೂ ಮಂಜು ಏಳಲಿಲ್ಲ. ಟ್ರ್ಯಾಮು ಬರುವುದು ಮೊದಲು ಕಿವಿಗೆ ಗೊತ್ತಾಗುತ್ತಿತ್ತು, ಆಮೇಲೆ ಎರಡು ದೀಪ, ಕೊನೆಗೆ ಟ್ರ್ಯಾಮು. ಒಳಗೆ ನಾಯಿಗಳೂ ಬಾಯಿಗೆ ಕುಕ್ಕೆ ಕಟ್ಟಿಸಿಕೊಂಡು ಮನುಷ್ಯರಂತೆ ನೇರವಾಗಿ ಮುಂದೆ ನೋಡುತ್ತ ಕೂತಿರುತ್ತವೆ. ಹೋಟೆಲಿನ ಲಿಫ್ಟು ಹತ್ತಿದ ಅಪರಿಚಿತರು ನಮಸ್ಕಾರ ಹೇಳುತ್ತಾರೆ, ಇಳಿಯುವಾಗ ಹೋಗಿಬರುತ್ತೇನೆ ಎನ್ನುತ್ತಾರೆ. ನಡುವೆ ಒಂದು ಮಾತಿಲ್ಲ. ರಂಗಪ್ಪನವರಿಗೆ ಇದು ಸಹಿಸದಾಯಿತು.

"ನಮ್ ಯಗಟಿ ಬಸ್ನಾಗೆ ಆಗಿದ್ರೆ ಇಷ್ಟೊತ್ಗೆ ಹೆಣ್ ಕೊಡೋ ಮಾತು ಮುಗಿದೋಗಿರೋದು ಕಣ್ರೀ ಮೇಡಂ" ಅಂದರು.

ಊಟದ ವಿಷಯ: ರಂಗಪ್ಪನವರ ಹೆಂಡತಿ ರಾಗಿ ಹುರಿಹಿಟ್ಟು ಕಟ್ಟಿಕೊಟ್ಟಿದ್ದರು. ಮೊದಲ ದಿನ ಅದನ್ನು ನೋಡಿ ನಕ್ಕ ಸಾಹೇಬರು ಎರಡನೆಯ ದಿನ ಬಟ್ಟಲು ಹಿಡಿದುಕೊಂಡು ಬಂದರು. ಕಾಫಿಯನ್ನು ಅಲ್ಲಿ ಸೋಸುವುದಿಲ್ಲ. ಪುಡಿಯ ಮೇಲೆ ಬಿಸಿನೀರು ಸುರಿದು ಗ್ಲಾಸಿನಲ್ಲಿ ಹಾಗೇ ಕೊಡುತ್ತಾರೆ. ಗಷ್ಟು ತಳಕ್ಕೆ ಇಳಿಯುವವರೆಗೆ ಕಾಯಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ. ರಂಗಪ್ಪನವರು ಪೂರ್ತಿ ಕುಡಿದು, ಹಲ್ಲುಗಳ ಮೇಲೆ ನಾಲಗೆ ಆಡಿಸಿ, "ಜಗಿಯೋ ಕಾಫಿ" ಎಂದರು.

ಅಂಗಡಿಯಲ್ಲಿ, ಟ್ರ್ಯಾಮಿನಲ್ಲಿ ನಾನು ಜನರ ಸೊಂಟ, ಕಂಕುಳು, ಪಾದದ ಗಂಟು ನೋಡುತ್ತಿದ್ದೆ. ಕೆಲಸದ ಚಾಳಿ. ಇವರಲ್ಲಿ ಯಾರ ಬಳಿ ಇರಬಹುದು ಎಂದು. ಯಾರಲ್ಲೂ ಕಾಣಲಿಲ್ಲ. ಕಾಣದಿರುವುದೇ ಆ ಪಿಸ್ತೂಲಿನ ಗುಣ ಎಂಬುದು ನೆನಪಾದ ಮೇಲೆ ಪಕ್ಕದಲ್ಲಿ ಕೂತವರ ಮೌನ ಬೇರೆಯಾಗಿ ಕೇಳತೊಡಗಿತು.

ನೆಲಮಾಳಿಗೆ, ಮೊದಲ ದಿನ

ಶೂಟಿಂಗ್ ರೇಂಜು ಇದ್ದದ್ದು ಟ್ರ್ಯಾಮಿನ ಕೊನೆಯ ನಿಲ್ದಾಣದಾಚೆ, ಹಿಂದೆ ಬಿಯರ್ ಪೀಪಾಯಿ ಇಡುತ್ತಿದ್ದ ಒಂದು ನೆಲಮಾಳಿಗೆಯಲ್ಲಿ. ನೋಡಿಕೊಳ್ಳುತ್ತಿದ್ದವರು ಕರೆಲ್ ಎಂಬ ಎತ್ತರದ ಮುದುಕರು. ಅಲ್ಪಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಸೀಸದ ಧೂಳು ಹೊರಗೆ ಹೋಗಬಾರದೆಂದು ಬಾಗಿಲಲ್ಲೇ ಶೂ ಬಿಚ್ಚಿ, ಅವರಿಡುವ ಉಣ್ಣೆಯ ಚಪ್ಪಲಿ ಮೆಟ್ಟಿಕೊಳ್ಳಬೇಕು. ಸಾಲಾಗಿದ್ದವೆಲ್ಲ ಗಂಡಸರ ದೊಡ್ಡ ಚಪ್ಪಲಿಗಳು. ಕರೆಲ್ ನನ್ನ ಕಾಲನ್ನೊಮ್ಮೆ ನೋಡಿ, ಒಳಗೆ ಹೋಗಿ, ಬೂದುಬಣ್ಣದ ಒಂದು ಸಣ್ಣ ಜೋಡಿ ತಂದಿಟ್ಟರು. ನನಗೆಂದೇ ಹೊಲಿದಂತೆ ಹಿಡಿದವು. ಒಳಗೆ ಹೆಬ್ಬೆರಳು ಕೂರುವ ಕಡೆ ಯಾರದೋ ಹೆಬ್ಬೆರಳಿನ ಗುಳಿಯಿತ್ತು. ನನ್ನ ಬೆರಳು ಅದರಲ್ಲಿ ಹೋಗಿ ಕೂತಿತು.

ನಮ್ಮೂರ ಕಡೆಯ ಬುಕ್ಕಾಂಬುಧಿ ಕೆರೆಯ ಏರಿಯ ಮೇಲೆ ನಿಂತರೆ ಆಚೆ ದಡದಲ್ಲಿ ಬಟ್ಟೆ ಒಗೆಯುವವರ ಕೈ ಮೊದಲು ಇಳಿಯುತ್ತದೆ, ಸದ್ದು ಆಮೇಲೆ ಬರುತ್ತದೆ. ಆ ಮಾಳಿಗೆಯಲ್ಲೂ ಹಾಗೆ. ಗುಂಡು ಹಾರಿ, ಗುರಿಹಲಗೆಯ ಕಾಗದ ಅಲುಗಾಡಿ ನಿಂತ ಮೇಲೆ, ಹಿಂದಿನ ಕತ್ತಲೆಯಿಂದ ಇನ್ನೊಂದು ಸದ್ದು ನಿಧಾನವಾಗಿ ಬರುತ್ತಿತ್ತು. ಪ್ರತಿಧ್ವನಿ ಎಂದು ಗೊತ್ತು. ಆದರೂ ಪ್ರತಿ ಸಲ ತಿರುಗಿ ನೋಡಿದೆ.

ಅಲ್ಲಿನ ನಿಯಮ ಒಂದೇ, ಅದನ್ನು ಕರೆಲ್ ಪೂಜೆಯಂತೆ ನಡೆಸುತ್ತಿದ್ದರು. ಪಿಸ್ತೂಲು ಕೊಡುವವರು ಸ್ಲೈಡು ತೆರೆದು ಹಿಡಿಯಬೇಕು. ಕೊಡುವವರು, ತೆಗೆದುಕೊಳ್ಳುವವರು ಇಬ್ಬರೂ ತಲೆ ಬಗ್ಗಿಸಿ ಚೇಂಬರಿನೊಳಗೆ ನೋಡಬೇಕು. ಇಬ್ಬರೂ ಬಾಯಿಬಿಟ್ಟು 'ಪ್ರಾಜ್ದ್ನಾ' ಅನ್ನಬೇಕು. ಅವರ ಭಾಷೆಯಲ್ಲಿ ಖಾಲಿ ಎಂದರ್ಥ. ಆಮೇಲೆ ಕೈಯಿಂದ ಕೈಗೆ.

ಈ ಕೈಯಿಂದ ಕೈಗೆ ಎಂಬುದು ನನ್ನಿಂದಾಗಲಿಲ್ಲ. ನಮ್ಮ ಕಡೆ ಕುಡುಗೋಲು, ಚಾಕು, ಉಪ್ಪು, ಮೆಣಸಿನಕಾಯಿ ಯಾರೂ ಕೈಗೆ ಕೊಡುವುದಿಲ್ಲ. ಕೆಳಗಿಡುತ್ತಾರೆ, ಬೇಕಾದವರು ಎತ್ತಿಕೊಳ್ಳುತ್ತಾರೆ. ಕೈಗೆ ಕೊಟ್ಟರೆ ಇಬ್ಬರ ನಡುವೆ ಜಗಳವಾಗುತ್ತದೆಂದು ಹೇಳಿಕೆ. ನಾನು ಅದನ್ನು ನಂಬುವವಳಲ್ಲ. ಆದರೆ ಕರೆಲ್ ಮೊದಲ ಪಿಸ್ತೂಲು ಚಾಚಿದಾಗ ನನ್ನ ಕೈ ತಾನಾಗಿ ಹಿಂದೆ ಸರಿದು ಮೇಜು ತೋರಿಸಿತು. ರಂಗಪ್ಪನವರೂ ಹಾಗೇ ಮಾಡಿದರು.

"ನಮ್ ಶಸ್ತ್ರಾಗಾರದಾಗೂ ಕೌಂಟರ್ ಮೇಲೇ ಇಡೋದು ಸಾ. ನಮ್ಗೆ ಅಂಗೇ ರೂಢಿ" ಎಂದು ಸಾಹೇಬರಿಗೆ ಕನ್ನಡದಲ್ಲಿ ಹೇಳಿ, ಕರೆಲ್ ಕಡೆ ನೋಡಿ ಹಲ್ಲು ಬಿಟ್ಟರು. ಸಾಹೇಬರೊಬ್ಬರೇ ಕೈಗೆ ತೆಗೆದುಕೊಂಡರು. ಕರೆಲ್ ನಮಗೆ ಮಾತ್ರ ಎರಡು ಸಲ ಒಳಗೆ ನೋಡಿ, ಎರಡು ಸಲ 'ಪ್ರಾಜ್ದ್ನಾ' ಎಂದು, ಮೇಜಿನ ಮೇಲಿಟ್ಟರು. ಒಂದು ಅವರ ಪಾಲಿನದು, ಒಂದು ನಮ್ಮ ಪಾಲಿನದು.

ಪಟ್ಟಿಯಲ್ಲಿದ್ದದ್ದು ಐದು. ಎಲ್ಲವನ್ನೂ ಎರಡು ಕೈಯಿಂದ ಪರೀಕ್ಷಿಸಿ ಬರೆದುಕೊಂಡೆ: ತೂಕ, ಟ್ರಿಗರಿನ ಬಿಗಿ, ಕಿರುಬೆರಳಿಗೆ ಹಿಡಿಯಲ್ಲಿ ಜಾಗವಿದೆಯೇ, ದೊಡ್ಡ ಪಿಸ್ತೂಲಿನ ಗುಂಡೇ ಇದಕ್ಕೂ ಆಗುತ್ತದೆಯೇ. ಆಮೇಲೆ ಎಡಗೈಯನ್ನು ಸ್ವೆಟರಿನೊಳಗೆ ಸೇರಿಸಿಕೊಂಡು ಐದನ್ನೂ ಮತ್ತೆ ಒಂದೇ ಕೈಯಲ್ಲಿ ನೋಡಿದೆ. ಹಿಂಬದಿಯ ಸೈಟನ್ನು, ಅಂದರೆ ಗುರಿ ಹಿಡಿಯಲು ಇರುವ ಆ ಸಣ್ಣ ಏಣನ್ನು, ಬೆಲ್ಟಿನ ಅಂಚಿಗೆ ಸಿಕ್ಕಿಸಿ ಕೆಳಗೆ ಒತ್ತಿದರೆ ಸ್ಲೈಡು ತೆರೆಯುತ್ತದೆಯೇ ಎಂದು. ಎಲ್ಲಕ್ಕಿಂತ ಚಿಕ್ಕದರಲ್ಲಿ ಏಣು ಜಾರಿಹೋಗುತ್ತಿತ್ತು, ಸ್ಪ್ರಿಂಗು ಬಗ್ಗುತ್ತಲೇ ಇರಲಿಲ್ಲ. ಏಕೆ ಹೀಗೆ ಮಾಡುತ್ತಿದ್ದೇನೆಂದು ಯಾರಿಗೂ ಹೇಳಲಿಲ್ಲ. ರಂಗಪ್ಪನವರಿಗೆ ಅಕ್ಕನ ಕೈ ಗೊತ್ತು. ಅವರು ಬೇರೆ ಕಡೆ ನೋಡಿದರು. ಕರೆಲ್ ಮಾತ್ರ ಮೂಲೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಕೈಯಲ್ಲಿದ್ದ ಕಾಫಿ ಕುಡಿಯಲಿಲ್ಲ.

ಎರಡನೆಯ ದಿನ

ಮರುದಿನ ಬೆಳಿಗ್ಗೆ ಐದೂ ಮೇಜಿನ ಮೇಲಿದ್ದವು. ನಾವು ಕೂರುವ ಮೊದಲೇ ಕರೆಲ್ ಒಳಗಿನ ಕೋಣೆಯಿಂದ ಇನ್ನೊಂದನ್ನು ಹಿಡಿದುಕೊಂಡು ಬಂದರು. ಹಳೆಯದು, ಅಂಚುಗಳ ಕಪ್ಪು ಸವೆದುಹೋದದ್ದು. ಉಳಿದವಕ್ಕಿದ್ದಂತೆ ಅದಕ್ಕೆ ನಂಬರಿನ ಚೀಟಿ ಇರಲಿಲ್ಲ. ನೇರ ನನ್ನ ಬಳಿ ಬಂದು, ಎರಡೂ ಅಂಗೈಗಳ ಮೇಲಿಟ್ಟು ಚಾಚಿದರು. ಸ್ಲೈಡು ಮುಚ್ಚಿತ್ತು. ಅವರದೇ ನಿಯಮ ಮುರಿದಂತಾಯಿತಲ್ಲ ಎಂದುಕೊಂಡೆ. ಕೈಗೆ ತೆಗೆದುಕೊಳ್ಳದೆ, ತಲೆಯಾಡಿಸಿ, ಮೇಜು ತೋರಿಸಿದೆ.

ಅವರು ಅದನ್ನು ಮೂತಿ ಗೋಡೆಯ ಕಡೆಗಿರುವಂತೆ ಮೇಜಿನ ಮೇಲಿಟ್ಟು, ಬೆನ್ನು ತಿರುಗಿಸಿ ಹೊರಗಿನ ಓಣಿಗೆ ಹೋದರು.

"ಮುದುಕ್ರಿಗೆ ಬೇಜಾರಾಯ್ತೇನೋ" ಎಂದರು ಸಾಹೇಬರು.

"ಪಟ್ಟೀಲಿ ಇಲ್ಲ ಸಾ ಇದು" ಎಂದರು ರಂಗಪ್ಪ.

ಯಾವ ಪಿಸ್ತೂಲನ್ನೂ ತುಂಬಿದೆ ಎಂದೇ ತಿಳಿದು ಎತ್ತಬೇಕು ಎಂಬುದು ನನ್ನ ಪಾಠ. ಹಾಗೆಯೇ ಎತ್ತಿ, ಮೊದಲು ಗುಂಡು ತುಂಬುವ ಮ್ಯಾಗಜಿನ್ ತೆಗೆದು, ಸ್ಲೈಡು ಎಳೆದೆ. ಒಂದು ಗುಂಡು ಹಾರಿ ಹೊರಬಿದ್ದು, ಕಲ್ಲಿನ ನೆಲದ ಮೇಲೆ ಟಣ್ ಎಂದು ಪುಟಿದು, ಬೆಂಚಿನ ಕೆಳಗೆ ಉರುಳಿತು. ಓಣಿಯ ಹೆಜ್ಜೆಗಳು ನಿಂತುಹೋದವು.

ರಂಗಪ್ಪನವರು ಮೊಣಕಾಲೂರಿ ಗುಂಡನ್ನು ಹುಡುಕಿದರು. ತೆಗೆದು, ಒರೆಸಿ, ಅಭ್ಯಾಸದಂತೆ ನನ್ನ ಮುಂದೆ ಮೇಜಿನ ಮೇಲಿಟ್ಟರು. ನಾನು ಜೇಬಿನ ಭೂತಗನ್ನಡಿ ತೆಗೆದೆ. ಹಿತ್ತಾಳೆ ಕಂದಿತ್ತು. ಅದರ ಮೈತುಂಬ ಕೂದಲಿನಷ್ಟು ತೆಳುವಾದ ಗೀರುಗಳು, ಒಂದರ ಮೇಲೊಂದು. ಒಂದೇ ಗುಂಡನ್ನು ನೂರಾರು ಸಲ ಚೇಂಬರಿಗೆ ಹಾಕಿ, ನೂರಾರು ಸಲ ಹೊರತೆಗೆದರೆ ಮಾತ್ರ ಹೀಗಾಗುತ್ತದೆ. ಪಿಸ್ತೂಲಿನ ಹಿಂದಿನ ಸೈಟನ್ನು ನೋಡಿದೆ. ಅದರ ಮುಂದಿನ ಮುಖ ಉಜ್ಜಿ ಉಜ್ಜಿ ಬೆಳ್ಳಿಯಂತೆ ಹೊಳೆಯುತ್ತಿತ್ತು. ಬೆಲ್ಟಿಗೆ ಸಿಕ್ಕುವ ಜಾಗ ಅದು.

ಕರೆಲ್ ಬಾಗಿಲಲ್ಲಿದ್ದರು. "ನನ್ನ ಮಗಳದು" ಎಂದರು. "ಪೊಲೀಸ್. ಅವಳಿಗೂ ಒಂದೇ ಕೈ. ಅಪಘಾತದಲ್ಲಿ ಇನ್ನೊಂದು ಹೋಯಿತು. ನಿನ್ನೆ ನೀನು ಮಾಡಿದ್ದನ್ನು ಅವಳು ಮಾತ್ರ ಮಾಡುತ್ತಿದ್ದಳು."

ಗೀರುಗಳು ಹೇಳುತ್ತಿದ್ದದ್ದು ಅದನ್ನೇ. ಮನೆ ಬಿಡುವಾಗ ಗುಂಡು ಒಳಗೆ, ಮನೆಗೆ ಬಂದ ಮೇಲೆ ಹೊರಗೆ. ದಿನವೂ, ಒಂದೇ ಕೈಯಲ್ಲಿ.

"ಹಾಗಿದ್ದರೆ ಇದು ಒಳಗೇ ಉಳಿದದ್ದು ಹೇಗೆ?" ಎಂದು ಕೇಳಿದೆ. ವೃತ್ತಿಯ ಪ್ರಶ್ನೆ. ಕೇಳಬಾರದಿತ್ತು.

"ಆ ದಿನ ಮನೆಗೆ ಆಗತಾನೆ ಬಂದಿದ್ದಳು. ಬಾಗಿಲ ಗಂಟೆ ಬಾರಿಸಿತು. ತೆರೆಯಲು ಎದ್ದಳು." ಅವರು ಕೈಯಲ್ಲಿ ಎರಡು ಮಾರು ಅಳೆದು ತೋರಿಸಿದರು. "ಪಿಸ್ತೂಲಿದ್ದ ಬ್ಯಾಗು ಆಚೆ ಕುರ್ಚಿಯ ಮೇಲಿತ್ತು. ಬಂದವನು ಅಷ್ಟು ಹೊತ್ತು ಕೊಡಲಿಲ್ಲ."

ಪ್ರಕರಣ ಮುಗಿದು ಪಿಸ್ತೂಲು ಅವರ ಕೈಗೆ ಬಂದು ಒಂಬತ್ತು ವರ್ಷವಾಗಿತ್ತಂತೆ. ಅದರಿಂದ ಗುಂಡು ಹಾರಿರದ ಕಾರಣ ತನಿಖೆಯವರು ಬಿಚ್ಚದೆ ಹೊರಗಿಂದಲೇ ನೋಡಿ, ಅವರು ಕೇಳಿಕೊಂಡ ಮೇಲೆ, ಇದ್ದದ್ದನ್ನು ಇದ್ದಂತೆಯೇ ಮರಳಿಸಿದ್ದರು. ಅವಳು ತುಂಬಿದ ಗುಂಡನ್ನು ತೆಗೆಯಲು ಅವರಿಂದ ಆಗಿರಲಿಲ್ಲ. ಅವರ ನಿಯಮದಂತೆ ಅದಕ್ಕೆ ಇಬ್ಬರು ಬೇಕು. ಇಬ್ಬರೂ ತಲೆ ಬಗ್ಗಿಸಿ ನೋಡಬೇಕು. ನಿನ್ನೆ ನನ್ನನ್ನು ನೋಡಿದ ಮೇಲೆ ಆ ಎರಡನೆಯವಳು ನಾನು ಎಂದುಕೊಂಡಿದ್ದರು. ನಾನು ಮೇಜು ತೋರಿಸಿದ್ದೆ. ಒಂದೇ ಒಂದು ಸಲ ತೆರೆಯಬಹುದಾದದ್ದನ್ನು ಒಬ್ಬಳೇ ತೆರೆದುಬಿಟ್ಟಿದ್ದೆ.

ಮೂರನೆಯ ದಿನ

ಬೆಳಿಗ್ಗೆ ನಾನೇ ಕೈ ಚಾಚಿದೆ. ಕರೆಲ್ ಅದೇ ಪಿಸ್ತೂಲನ್ನು ಸ್ಲೈಡು ತೆರೆದು ಹಿಡಿದರು. ಇಬ್ಬರೂ ಬಗ್ಗಿ ನೋಡಿದೆವು. ಒಳಗೆ ಕತ್ತಲೆ ಮಾತ್ರ ಇತ್ತು. "ಪ್ರಾಜ್ದ್ನಾ" ಎಂದರು. "ಪ್ರಾಜ್ದ್ನಾ" ಎಂದೆ. ಹಿಂದಿನ ಕತ್ತಲೆ ಅದನ್ನು ಮೂರನೆಯ ಸಲ ಹೇಳಿತು. ರಂಗಪ್ಪನವರು ಟೋಪಿ ತೆಗೆದರು.

ನಿನ್ನೆಯದಕ್ಕೆ ಇದು ಸಮವಲ್ಲ. ಅವರೂ ಹಾಗೆ ನಟಿಸಲಿಲ್ಲ. ಆದರೆ ಅಂದು ಕಾಫಿ ಕುಡಿದರು.

ವರದಿ ಬರೆಯುವಾಗ ಸಾಹೇಬರಿಗೂ ನನಗೂ ಜಟಾಪಟಿಯಾಯಿತು. ಅವರಿಗೆ ಎಲ್ಲಕ್ಕಿಂತ ಚಿಕ್ಕದೇ ಬೇಕು.

"ನೋಡಮ್ಮ, ಅಂಗಿ ಕೆಳ್ಗೆ ಉಬ್ಬಿ ಕಂಡ್ರೆ ಯಾರೂ ಇಟ್ಕೊಳಲ್ಲ. ಇಟ್ಕೊಳ್ದೆ ಇದ್ಮೇಲೆ ಒಳ್ಳೇ ಪಿಸ್ತೂಲ್ ಇದ್ದೇನು, ಬಿಟ್ಟೇನು?"

ಅವರ ಮಾತಿನಲ್ಲೂ ಅರ್ಥವಿತ್ತು. ನಾನು ಅವರ ಎಡಗೈಯನ್ನು ಜೇಬಿನೊಳಗೆ ಇಟ್ಟುಕೊಳ್ಳಲು ಹೇಳಿ, ಅವರ ಚಿಕ್ಕದನ್ನು ಖಾಲಿ ಮಾಡಿ ಕೊಟ್ಟೆ. ಬೆಲ್ಟಿಗೆ ಮೂರು ಸಲ ಒತ್ತಿದರು, ಮೂರು ಸಲ ಜಾರಿತು. ಆಮೇಲೆ ಪಟ್ಟಿಯ ಮೂರನೆಯದನ್ನು ಕೊಟ್ಟೆ. ಒಂದು ಬೆರಳಗಲ ದೊಡ್ಡದು, ಸ್ಪ್ರಿಂಗು ಮೆದು, ಹಿಂದಿನ ಸೈಟಿಗೆ ಚಪ್ಪಟೆ ಮುಖ. ಮೊದಲ ಒತ್ತಿಗೇ ತೆರೆಯಿತು.

"ಹೂಂ, ಬರ್ಕೊ" ಎಂದರು.

ಬರೆದೆ. ಕೆಳಗೆ ಒಂದು ಷರತ್ತನ್ನೂ ಸೇರಿಸಿದೆ: ಮನೆಯಲ್ಲಿ ಚೇಂಬರು ಖಾಲಿಯಿರಬೇಕು, ಖಾಲಿ ಎಂಬುದನ್ನು ಇಬ್ಬರು ನೋಡಬೇಕು.

ಹೊರಡುವಾಗ ಕರೆಲ್ ದಾರ ಕಟ್ಟಿದ ಒಂದು ರಟ್ಟಿನ ಡಬ್ಬಿ ತಂದರು. ಪಟ್ಟಿಯ ಆ ಮೂರನೆಯದರದೇ ನೀಲಿ ಪ್ಲಾಸ್ಟಿಕ್ ನಕಲು. ಗುಂಡು ಕೂರುವುದಿಲ್ಲ, ಹಾರುವುದಿಲ್ಲ, ಸ್ಲೈಡು ಮತ್ತು ಸ್ಪ್ರಿಂಗು ಮಾತ್ರ ನಿಜದವು. ಅಭ್ಯಾಸಕ್ಕೆ. ಯಾರಿಗೆ ಎಂದು ಕೇಳಲಿಲ್ಲ. ನಾನು ಅಕ್ಕನ ವಿಷಯ ಅವರಿಗೆ ಒಮ್ಮೆಯೂ ಹೇಳಿರಲಿಲ್ಲ.

ಬೆಂಗಳೂರು ವಿಮಾನ ನಿಲ್ದಾಣ

ಪೆಟ್ಟಿಗೆಯನ್ನು ಯಂತ್ರದೊಳಗೆ ಕಳಿಸಿದ ಕೂಡಲೇ ಇಬ್ಬರು ಕಸ್ಟಮ್ಸ್‌ನವರು ನನ್ನ ಅಕ್ಕಪಕ್ಕ ಬಂದು ನಿಂತರು. ಕಾಗದಪತ್ರ ತೋರಿಸಿದೆ. ಸಾಹೇಬರು ತಮ್ಮ ಗುರುತಿನ ಚೀಟಿ ತೋರಿಸಿದರು. ಆದರೂ ಡಬ್ಬಿ ತೆರೆಯಲೇಬೇಕೆಂದರು. ದಾರ ಕತ್ತರಿಸಿ ಮುಚ್ಚಳ ತೆಗೆದರೆ ನಡುವೆ ನೀಲಿ ಪಿಸ್ತೂಲು. ಅದು ಅಲುಗದಂತೆ ಎರಡೂ ಕಡೆ ಒತ್ತಿಟ್ಟಿದ್ದದ್ದು ಆ ಬೂದುಬಣ್ಣದ ಚಪ್ಪಲಿಗಳು.

"ಇದು ಯಾರ್ದು ಮೇಡಂ?" ಎಂದು ಚಪ್ಪಲಿ ಎತ್ತಿ ಕೇಳಿದ ಅಧಿಕಾರಿ. ಪಿಸ್ತೂಲಿನ ಬಗ್ಗೆ ಕೇಳಿದ್ದರೆ ಉತ್ತರವಿತ್ತು.

"ನಮ್ದೇ ಕಣ್ರೀ, ಮಡಗಿ ಒಳೀಕೆ" ಎಂದರು ರಂಗಪ್ಪ.

ತರೀಕೆರೆ

ಕ್ವಾರ್ಟರ್ಸ್‌ಗೆ ಹೋದಾಗ ಮಧ್ಯಾಹ್ನ ಮೂರೂವರೆ. ಅಕ್ಕ ಆಗತಾನೆ ಕಚೇರಿಯಿಂದ ಬಂದಿದ್ದಳು. ಕೈ ಹಾಗಾದ ಮೇಲೆ ಅವಳಿಗೆ ಕೊಟ್ಟಿರುವುದು ಕಡತದ ಕೆಲಸ. ಯೂನಿಫಾರ್ಮಿನಲ್ಲೇ ಇದ್ದಳು. ಡಬ್ಬಿ ಕಂಡವಳೇ ಮುಚ್ಚಳ ತೆಗೆದು, ಮೊದಲು ಚಪ್ಪಲಿಯನ್ನು ಕೆಳಗೆ ಹಾಕಿ ಕಾಲು ತೂರಿಸಿದಳು. ಚಿಕ್ಕಂದಿನಿಂದಲೂ ನಮ್ಮಿಬ್ಬರದು ಒಂದೇ ಅಳತೆ.

"ಬೆಚ್ಚಗಿದೆ ಕಣೇ. ನಂಗೇ ಹೊಲ್ಸಿದಂಗಿದೆ."

ನಾನು ನೀಲಿ ಪಿಸ್ತೂಲನ್ನು ಎತ್ತಿ ಸ್ಲೈಡು ತೆರೆದು ಹಿಡಿದೆ.

"ಅಷ್ಟು ದೊಡ್ದಾ? ಚಿಕ್ಕದು ತಾ ಅಂದಿದ್ನಲ್ಲೇ." ಗಡುಸಾಗಿಯೇ ಹೇಳಿ, ಊಟದ ಮೇಜು ತೋರಿಸಿದಳು. "ಅಲ್ಲಿಡು, ತಗೋತೀನಿ."

"ಇಲ್ಲ. ಕೈಗೇ ತಗೋ."

"ಲೇ, ಜಗಳ ಆಗುತ್ತೆ."

"ಆಗ್ಲಿ. ಬಗ್ಗು, ಒಳಗೆ ನೋಡು. ಖಾಲಿ ಅನ್ನು."

"ಪ್ಲಾಸ್ಟಿಕ್ ಕಣೇ ಅದು." ಆದರೂ ನನ್ನ ಮುಖ ನೋಡಿ ಬಗ್ಗಿದಳು. "ಖಾಲಿ."

"ಖಾಲಿ" ಎಂದು ಅವಳ ಬಲಗೈಗೆ ಕೊಟ್ಟೆ.

ಮುಂದೆ ಏನು ಮಾಡಬೇಕೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಸ್ಲೈಡನ್ನು ಮುಚ್ಚಿ, ಹಿಂದಿನ ಸೈಟನ್ನು ಬೆಲ್ಟಿನ ಅಂಚಿಗೆ ಸಿಕ್ಕಿಸಿ, ಕೆಳಗೆ ಒತ್ತಿ ತೆರೆದಳು. ಎಡಗೈ ಪಕ್ಕದಲ್ಲಿ ಸುಮ್ಮನೆ ಜೋತಾಡುತ್ತಿತ್ತು. ನಾನು ತೋರಿಸಿರಲಿಲ್ಲ. ಇಂಥದೊಂದು ಉಪಾಯವಿದೆ ಎಂದು ಫೋನಿನಲ್ಲೂ ಹೇಳಿರಲಿಲ್ಲ.

"ಯಾರೇ ಹೇಳ್ಕೊಟ್ಟಿದ್ದು?"

"ಯಾರ್ ಹೇಳ್ಕೊಡ್ಬೇಕು? ಕೈಗೆ ಬಂತು." ಮತ್ತೆ ಮುಚ್ಚಿದಳು, ಮತ್ತೆ ತೆರೆದಳು. ಮುಖದಲ್ಲಿ ವರ್ಷದಿಂದ ಕಾಣದ ಒಂದು ಕಳೆ ಬಂತು. "ಚಿಕ್ಕದು ಬೇಡ್ವೇ ಬೇಡ. ಇದೇ ಇರ್ಲಿ."

ಬಾಗಿಲ ಗಂಟೆ ಬಾರಿಸಿತು.

ಅಕ್ಕ ನೀಲಿ ಪಿಸ್ತೂಲನ್ನು ಮೇಜಿನ ಮೇಲಿಟ್ಟು ಬಾಗಿಲ ಕಡೆ ಹೊರಟಳು. ಉಣ್ಣೆಯ ಚಪ್ಪಲಿಗೆ ಸದ್ದೇ ಇರಲಿಲ್ಲ. ಅವಳ ವ್ಯಾನಿಟಿ ಬ್ಯಾಗು ಆಚೆ ಕುರ್ಚಿಯ ಮೇಲಿತ್ತು. ಎರಡು ಮಾರು.

ನಾನು ಕುರ್ಚಿಗೆ ಮೊಣಕಾಲು ಬಡಿಸಿಕೊಂಡು ಓಡಿ, ಬ್ಯಾಗು ತೆಗೆದು, ಅವಳು ಚಿಲಕಕ್ಕೆ ಕೈಹಾಕುವ ಮೊದಲು ಅದನ್ನು ಅವಳ ಕೈಗೆ ಕೊಟ್ಟೆ.

"ಏನೇ ಇದು? ಇದ್ರಲ್ಲಿರೋದು ಬಾಚಣಿಗೆ, ಬಸ್ ಪಾಸು."

"ಇರ್ಲಿ, ಹಿಡ್ಕೋ. ಮೊದ್ಲು ಯಾರು ಅಂತ ಕೇಳು."

ಅಕ್ಕ ಬ್ಯಾಗನ್ನು ಹೆಗಲಿಗೆ ಏರಿಸಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಠಾಣೆಯ ದನಿಯಲ್ಲಿ "ಯಾರು?" ಎಂದಳು.

"ನಾನು" ಎಂದಿತು ಹೊರಗಿನಿಂದ ನಾಲ್ಕು ವರ್ಷದ ದನಿ. "ಬಾಗ್ಲು ತೆಗಿಯಮ್ಮ, ಆಟೋ ಅಂಕಲ್ ಹೊಂಟೋದ್ರು."

ಮಗು ಒಳಗೆ ಬಂದು, ಶೂ ಕಳಚಿ, ನೇರ ಅಮ್ಮನ ಹೆಗಲಿನ ಬ್ಯಾಗಿಗೆ ಕೈಹಾಕಿತು.